ಬಾಯಿಯ ಎಣಿಕೆ, ಅರಿವಿನ ಎಣಿಕೆ



ಶ್ರಾವಣ ಮಾಸದ ಈ ಪ್ರವಚನಮಾಲೆಯಲ್ಲಿ ಇದುವರೆಗೆ ನಾವು ಹಿರಿಯರ ವಿಷಯವನ್ನೇ ಮಾತನಾಡುತ್ತ ಬಂದೆವು. ಗೃಹಸ್ಥನ ಕಾಯಕ ಹೇಗಿರಬೇಕು, ಗಳಿಸಿದ್ದು ಹೇಗೆ ಬಳಕೆಯಾಗಬೇಕು, ಆಡುವ ಮಾತು ಹೇಗಿರಬೇಕು ಎಂಬ ವಿಚಾರಗಳು ಬಂದು ಹೋದವು. ಇಂದು ಮಾತ್ರ ಬಹು ಚಿಕ್ಕವರ ವಿಷಯವನ್ನು ಎತ್ತಿಕೊಂಡಿದ್ದೇವೆ. ಮೂರು ವರ್ಷದ ಕೂಸು "ಒಂದು, ಎರಡು, ಮೂರು" ಎಂದು ಎಣಿಸಲು ಕಲಿಯುತ್ತದೆ. ತಾಯಿ ತಂದೆಗಳು ಅದನ್ನು ನೋಡುತ್ತ ಕುಳಿತಿರುತ್ತಾರೆ. ಇಷ್ಟೇ ಇಂದಿನ ವಿಷಯ. ಇದರಲ್ಲಿ ಪ್ರವಚನ ಮಾಡುವಂಥದು ಏನಿದೆ ಎಂದು ತಾವು ಕೇಳಬಹುದು. ಬಹಳ ಇದೆ. ಆ ಒಂದೆರಡು ವರ್ಷಗಳಲ್ಲಿ ಮನೆಯೊಳಗೆ ಎರಡು ಪಾಠಗಳು ಒಟ್ಟಿಗೆ ನಡೆಯುತ್ತವೆ. ಮಗು ಸಂಖ್ಯೆಯನ್ನು ಕಲಿಯುತ್ತದೆ. ತಾಯಿ ತಂದೆ ತಾಳ್ಮೆಯನ್ನು ಕಲಿಯಬೇಕಾಗುತ್ತದೆ. ಮಗು ತನ್ನ ಪಾಠವನ್ನು ಇಂದಲ್ಲ ನಾಳೆ ಕಲಿತೇ ಕಲಿಯುತ್ತದೆ. ನಮ್ಮ ಚಿಂತೆ ಇರುವುದು ಎರಡನೆಯ ಪಾಠದ ಬಗೆಗೆ.

ಮಠಕ್ಕೆ ಬರುವ ತಾಯಂದಿರು ಮಕ್ಕಳ ಎಣಿಕೆಯ ವಿಷಯವಾಗಿ ನಮ್ಮೆದುರು ಎರಡು ಬಗೆಯ ಮಾತು ಆಡುತ್ತಾರೆ. ಒಬ್ಬ ತಾಯಿ, "ಅಜ್ಜಾರ, ನಮ್ಮ ಕೂಸು ನೂರರ ತನಕಾ ಹೇಳತೈತ್ರಿ" ಎಂದು ಹಿಗ್ಗುತ್ತಾಳೆ. ಇನ್ನೊಬ್ಬಳು, "ಬಾಜೂ ಮನಿ ಹುಡುಗ ನೂರು ಹೇಳತಾನ, ನಮ್ದಕ್ಕ ಹತ್ತು ಸೈತ ಬರೂದಿಲ್ರಿ" ಎಂದು ಕಣ್ಣಲ್ಲಿ ನೀರು ತರುತ್ತಾಳೆ. ಇಬ್ಬರಿಗೂ ನಾವು ಹೇಳುವುದು ಒಂದೇ ಮಾತು: ತಾಯಿ, ನಿನ್ನ ಹಿಗ್ಗೂ ಅವಸರದ್ದು, ನಿನ್ನ ಅಳುವೂ ಅವಸರದ್ದು.

ಏಕೆ ಹೀಗೆ ಹೇಳುತ್ತೇವೆ ಎಂಬುದನ್ನು ತಾವೇ ಪರೀಕ್ಷಿಸಿ ನೋಡಬಹುದು. ಇಂದು ಮನೆಗೆ ಹೋದ ಮೇಲೆ ಒಂದು ಬುಟ್ಟಿಯಲ್ಲಿ ಹತ್ತು ನಿಂಬೆಹಣ್ಣುಗಳನ್ನು ಇಡಿರಿ. ನೂರರವರೆಗೆ ಹೇಳುವ ಆ ಮಗುವನ್ನು ಕರೆದು, "ನನಗ ಮೂರು ಹಣ್ಣು ಕೊಡಪ್ಪ" ಎಂದು ಕೈ ಒಡ್ಡಿರಿ. ಕೆಲವು ಮಕ್ಕಳು ಎಣಿಸಿ ಮೂರು ಕೊಟ್ಟಾವು. ಆದರೆ ಎಷ್ಟೋ ಮಕ್ಕಳು ಎರಡೂ ಕೈ ತುಂಬ ಬಾಚಿ ಬಂದಷ್ಟನ್ನು ಕೊಟ್ಟು, ತಮ್ಮ ಕೆಲಸ ಮುಗಿಯಿತೆಂದು ನಗುತ್ತ ನಿಲ್ಲುತ್ತವೆ. ನೂರು ಹೇಳುವ ಮಗುವಿಗೆ ಮೂರು ಕೊಡಲು ಬಾರದು! ಹಾಗಾದರೆ ಮಗು ದಡ್ಡನೋ? ಅಲ್ಲ. ನೂರು ಹೇಳಿದ್ದು ಸುಳ್ಳೋ? ಅದೂ ಅಲ್ಲ. ಹೇಳುವುದು ಬೇರೆ, ಅರಿಯುವುದು ಬೇರೆ. "ಒಂದು ಎರಡು ಮೂರು ನಾಲ್ಕು" ಎಂಬುದು ಆ ವಯಸ್ಸಿನ ಮಗುವಿಗೆ ಒಂದು ಪದವಿದ್ದ ಹಾಗೆ. ಜೋಗುಳವನ್ನು ಕೇಳಿ ಕೇಳಿ ಗುನುಗಿದಂತೆ ಇದನ್ನೂ ಗುನುಗುತ್ತದೆ. ನಾಲಗೆಯ ಮೇಲೆ ಬಂದ ಸಂಖ್ಯೆ ಇನ್ನೂ ಕೈಗೆ ಬಂದಿಲ್ಲ. ಕೈಗೆ ಬಂದದ್ದು ಇನ್ನೂ ಅರಿವಿಗೆ ಇಳಿದಿಲ್ಲ.

ಬಲ್ಲವರು ಇದನ್ನು ಕೂಲಂಕಷವಾಗಿ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಕ್ಯಾರನ್ ವಿನ್ ಎಂಬ ವಿದುಷಿ ೧೯೯೦ ಮತ್ತು ೧೯೯೨ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಇಂಥ ಪರೀಕ್ಷೆಯನ್ನೇ ಮಾಡಿದರು. ಆಟಿಕೆಗಳ ರಾಶಿಯ ಮುಂದೆ ಮಗುವನ್ನು ಕೂಡಿಸಿ, ಒಂದು ಕೊಡು, ಎರಡು ಕೊಡು, ಮೂರು ಕೊಡು ಎಂದು ಕೇಳುತ್ತ ಹೋದರು. ಆಗ ಮಕ್ಕಳ ಅರಿವು ಒಂದೊಂದೇ ಮೆಟ್ಟಿಲಾಗಿ ಏರುವುದು ಕಂಡುಬಂತು. ಎರಡೂವರೆ ಮೂರು ವರ್ಷದ ಸುಮಾರಿಗೆ ಮಗುವಿಗೆ "ಒಂದು" ಎಂದರೆ ಏನೆಂದು ತಿಳಿಯುತ್ತದೆ. ಒಂದು ಕೇಳಿದರೆ ಒಂದನ್ನೇ ಕೊಡುತ್ತದೆ. ಮಿಕ್ಕ ಯಾವ ಸಂಖ್ಯೆ ಕೇಳಿದರೂ ಬೊಗಸೆ ತುಂಬ ಕೊಡುತ್ತದೆ. ಕೆಲವು ತಿಂಗಳು ಕಳೆದ ಮೇಲೆ "ಎರಡು" ತಿಳಿಯುತ್ತದೆ. ಮತ್ತೆ ಕೆಲವು ತಿಂಗಳಿಗೆ "ಮೂರು". ಆಮೇಲೆ, ಮೂರೂವರೆ ನಾಲ್ಕು ವರ್ಷದ ಆಸುಪಾಸಿನಲ್ಲಿ, ಒಂದು ಬಾಗಿಲು ತೆರೆದಂತಾಗುತ್ತದೆ. ಎಣಿಸುತ್ತ ಹೋದಾಗ ಕೊನೆಗೆ ಬಾಯಿಗೆ ಬಂದ ಸಂಖ್ಯೆಯೇ ಒಟ್ಟು ಎಷ್ಟೆಂಬುದನ್ನು ಹೇಳುತ್ತದೆ ಎಂಬ ಗುಟ್ಟು ಅದಕ್ಕೆ ಹೊಳೆಯುತ್ತದೆ. ಅಂದಿನಿಂದ ಐದು ಕೇಳಿದರೂ ಎಣಿಸಿ ಕೊಡುತ್ತದೆ, ಏಳು ಕೇಳಿದರೂ ಎಣಿಸಿ ಕೊಡುತ್ತದೆ. ಒಂದನ್ನು ಅರಿತ ದಿನದಿಂದ ಈ ಗುಟ್ಟು ಹೊಳೆಯುವ ದಿನದವರೆಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ. ಕೆಲವರಿಗೆ ಇನ್ನೂ ಹೆಚ್ಚು. ದೊಡ್ಡವರಾದ ನಮಗೆ ಒಂದು ಕ್ಷಣದ ಮಾತಾಗಿ ಕಾಣುವುದಕ್ಕೆ ಮಗು ಒಂದು ವರ್ಷ ದುಡಿಯುತ್ತದೆ. ಆ ದುಡಿಮೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಹಾಗೆಂದು ಮಗುವನ್ನು ಬರಿದಾದ ಕೊಡವೆಂದು ತಿಳಿಯಬಾರದು. ಇದೇ ವಿದುಷಿ ೧೯೯೨ರಲ್ಲಿ ಐದು ತಿಂಗಳ ಹಸುಗೂಸುಗಳನ್ನು ಪರೀಕ್ಷಿಸಿದರು. ಕೂಸಿನ ಮುಂದೆ ಒಂದು ಗೊಂಬೆ ಇಟ್ಟು ಪರದೆ ಮರೆಮಾಡಿ, ಕೂಸು ನೋಡುತ್ತಿರುವಾಗಲೇ ಪರದೆಯ ಹಿಂದೆ ಮತ್ತೊಂದು ಗೊಂಬೆ ಇಟ್ಟರು. ಪರದೆ ಸರಿಸಿದಾಗ ಎರಡು ಗೊಂಬೆ ಇದ್ದರೆ ಕೂಸು ಸಹಜವಾಗಿ ನೋಡಿತು. ಒಂದನ್ನು ಗುಟ್ಟಾಗಿ ತೆಗೆದುಬಿಟ್ಟಿದ್ದರೆ ಹೆಚ್ಚು ಹೊತ್ತು ಕಣ್ಣರಳಿಸಿ ನೋಡಿತು. ಮಾತೇ ಬಾರದ ಕೂಸಿಗೂ ಒಂದಕ್ಕೆ ಒಂದು ಕೂಡಿದರೆ ಒಂದಾಗಿ ಉಳಿಯದು ಎಂಬ ಎಚ್ಚರ ಇದೆ ಎಂದಾಯಿತು. ಬೀಜ ಮೊದಲೇ ಇರುತ್ತದೆ. ನಾವು ಮಾಡಬೇಕಾದದ್ದು ನೀರು ಹಾಕುವುದು. ನೆಲ ಬಗೆದು ಮೊಳಕೆ ಬಂದಿದೆಯೋ ಇಲ್ಲವೋ ಎಂದು ದಿನವೂ ಕಿತ್ತು ನೋಡುವ ರೈತ ಎಲ್ಲಿಯಾದರೂ ಬೆಳೆ ಕಂಡಾನೆಯೇ?

ಇನ್ನು ಎಣಿಸುವುದು ಎಂದರೆ ಒಂದೇ ಕೆಲಸವೆಂದು ನಾವು ತಿಳಿದಿದ್ದೇವೆ. ಅದರೊಳಗೆ ಐದು ತಿಳಿವಳಿಕೆಗಳು ಅಡಗಿವೆ ಎಂದು ೧೯೭೮ರಲ್ಲಿ ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟಲ್ ಎಂಬ ಇಬ್ಬರು ವಿದ್ವಾಂಸರು ಬಿಡಿಸಿ ತೋರಿಸಿದರು. ತಾಯಂದಿರಿಗೆ ತಿಳಿಯುವಂತೆ ಹೇಳುತ್ತೇವೆ. ಒಂದು ವಸ್ತುವಿಗೆ ಒಂದೇ ಸಂಖ್ಯೆ ಸಲ್ಲಬೇಕು. ಒಂದೇ ಹಣ್ಣನ್ನು ಎರಡು ಸಲ ಮುಟ್ಟಿ ಎಣಿಸಬಾರದು, ಒಂದನ್ನು ಬಿಡಲೂ ಬಾರದು. ಇದು ಮೊದಲನೆಯದು. ಸಂಖ್ಯೆಗಳ ಸರದಿ ತಪ್ಪಬಾರದು. ಇಂದು ಮೂರಾದ ಮೇಲೆ ನಾಲ್ಕು ಬಂದರೆ ನಾಳೆಯೂ ನಾಲ್ಕೇ ಬರಬೇಕು. ಇದು ಎರಡನೆಯದು. ಕೊನೆಗೆ ಹೇಳಿದ್ದೇ ಒಟ್ಟು ಮೊತ್ತ, ಇದು ಮೂರನೆಯದು. ಕಣ್ಣಿಗೆ ಕಾಣುವ ಹಣ್ಣನ್ನೂ ಎಣಿಸಬಹುದು, ಕಿವಿಗೆ ಕೇಳುವ ಗಂಟೆಯ ಬಡಿತವನ್ನೂ ಎಣಿಸಬಹುದು, ಇದು ನಾಲ್ಕನೆಯದು. ಎಡಗಡೆಯಿಂದ ಎಣಿಸಿದರೂ ಬಲಗಡೆಯಿಂದ ಎಣಿಸಿದರೂ ನಡುವಿನಿಂದ ಹೊರಟರೂ ಮೊತ್ತ ಬದಲಾಗದು, ಇದು ಐದನೆಯದು. ನೋಡಿರಿ, ಕೂಸು ಬೆರಳು ಚಾಚಿ ನಾಲ್ಕು ನಿಂಬೆಹಣ್ಣು ಎಣಿಸುವಾಗ ಇಷ್ಟೆಲ್ಲವನ್ನೂ ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕು. ಬಾಯಿ ಮುಂದೆ ಓಡುತ್ತದೆ, ಬೆರಳು ಹಿಂದೆ ಬೀಳುತ್ತದೆ. ಬೆರಳು ಮುಂದಾದರೆ ಬಾಯಿ ತಡವರಿಸುತ್ತದೆ. "ಎಷ್ಟಾದವು?" ಎಂದು ಕೇಳಿದರೆ ಉತ್ತರ ಹೇಳದೆ ಮತ್ತೆ ಮೊದಲಿನಿಂದ ಎಣಿಸತೊಡಗುತ್ತದೆ. ತಾಯಿ ತಂದೆಗೆ ಅದು ಮೊಂಡುತನವಾಗಿ ಕಾಣಬಹುದು. ಅದು ಮೊಂಡುತನವಲ್ಲ. "ಎಷ್ಟು" ಎಂಬ ಪ್ರಶ್ನೆಗೆ ಎಣಿಸುವ ಕೆಲಸವೇ ಉತ್ತರವೆಂದು ಅದು ತಿಳಿದಿದೆ. ಮೂರನೆಯ ತಿಳಿವಳಿಕೆ ಇನ್ನೂ ಬರಬೇಕಾಗಿದೆ.

ಎಣಿಸಲು ಬಂದ ಮೇಲೆಯೂ ಕಲಿಯುವುದು ಮುಗಿಯಲಿಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ೧೯೪೧ರಲ್ಲಿ ಮಕ್ಕಳ ಸಂಖ್ಯಾಜ್ಞಾನವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಎರಡು ಸಾಲುಗಳಲ್ಲಿ ಸಮಸಮನಾಗಿ ವಸ್ತುಗಳನ್ನು ಇಟ್ಟು, ಮಗು ನೋಡುತ್ತಿರುವಾಗಲೇ ಒಂದು ಸಾಲನ್ನು ಅಗಲಿಸಿದರೆ, ನಾಲ್ಕೈದು ವರ್ಷದ ಮಕ್ಕಳು ಉದ್ದನೆಯ ಸಾಲಿನಲ್ಲೇ ಹೆಚ್ಚು ಇವೆ ಎನ್ನುವುದನ್ನು ಅವರು ತೋರಿಸಿದರು. ನಮ್ಮ ಮನೆಗಳಲ್ಲಿ ಇದು ದಿನದ ಜಗಳ. ಅಣ್ಣನಿಗೂ ತಮ್ಮನಿಗೂ ಐದೈದು ಉಂಡಿ ಕೊಟ್ಟರೂ, ಅಣ್ಣ ತನ್ನವನ್ನು ದೂರದೂರ ಜೋಡಿಸಿಟ್ಟರೆ ತಮ್ಮ "ಅವಗ ಭಾಳ ಕೊಟ್ಟಿ" ಎಂದು ಅಳುತ್ತಾನೆ. ಅವನ ಅಳು ಹೊಟ್ಟೆಕಿಚ್ಚಲ್ಲ. ಅವನ ಕಣ್ಣಿಗೆ ಹಾಗೆಯೇ ಕಾಣುತ್ತದೆ. ಬೈಯುವುದರ ಬದಲು ಅಣ್ಣನ ಒಂದೊಂದು ಉಂಡಿಯ ಎದುರಿಗೆ ತಮ್ಮನ ಒಂದೊಂದು ಉಂಡಿಯನ್ನು ಇಟ್ಟು ತೋರಿಸಿರಿ.

ಹೋದ ವರ್ಷದ ಯುಗಾದಿಯ ಸಮಯಕ್ಕೆ ನಮ್ಮಲ್ಲಿಗೆ ಬಂದಿದ್ದ ಒಂದು ಕುಟುಂಬದ ಸಂಗತಿ ಇಲ್ಲಿ ಹೇಳಬೇಕು. ತಂದೆ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವಾತ. ತಾಯಿ ಶಾಲೆಯ ಮುಖ ಕಂಡವಳಲ್ಲ. ಮೂರು ವರ್ಷ ತುಂಬಿದ ಹೆಣ್ಣು ಕೂಸು. ನಮಸ್ಕಾರ ಮಾಡಿ ಕುಳಿತ ಮೇಲೆ ತಂದೆ, "ಅಜ್ಜಾರ ಮುಂದ ಇಪ್ಪತ್ತರ ತನಕಾ ಹೇಳವಾ" ಎಂದ. ಕೂಸು ಹನ್ನೆರಡು, ಹದಿಮೂರು ಎಂದು ಚೆನ್ನಾಗಿ ಹೇಳುತ್ತ ಬಂದು ಹದಿನೈದಕ್ಕೆ ಜಿಗಿಯಿತು. ಮತ್ತೆ ಮೊದಲಿನಿಂದ ಹೇಳಿಸಿದ. ಮತ್ತೆ ಅಲ್ಲಿಯೇ ಜಿಗಿಯಿತು. ಮೂರನೆಯ ಸಲಕ್ಕೆ ಅವನ ಕೈ ಮೇಲೆದ್ದಿತು. ಕೂಸು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ನಾವು ಆ ಕೈ ಹಿಡಿದು ಕೇಳಿದೆವು: "ಕೂಸು ಹದಿನಾಲ್ಕನ್ನು ಬಿಟ್ಟಿತು ನಿಜ. ಅದಕ್ಕಾಗಿ ನೀನು ಕೂಸನ್ನೇ ಬಿಡತೀಯೇನಪ್ಪಾ?"

ಆತ ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದ: "ನನಗ ಸಾಲ್ಯಾಗ ಮಗ್ಗಿಗೆ ಭಾಳ ಹೊಡದಾರ್ರಿ ಅಜ್ಜಾರ. ದಿನಾ ಲಕ್ಷಗಟ್ಟಲೆ ಲೆಕ್ಕಾ ಬರೀತೀನಿ. ಆದ್ರ ಇವತ್ತಿಗೂ ಏಳರ ಮಗ್ಗಿ ಬಂತಂದ್ರ ಅಂಗೈ ಬೆವರತೈತಿ." ಬಂಧುಗಳೇ, ಈ ಮಾತನ್ನು ಮರೆಯಬೇಡಿರಿ. ಹೊಡೆತ ಬಿದ್ದದ್ದು ಮೂವತ್ತು ವರ್ಷದ ಹಿಂದೆ. ಅಂಗೈ ಬೆವರುವುದು ಇಂದಿಗೂ ನಿಂತಿಲ್ಲ. ಅದೇ ಅಂಗೈ ಮಗಳ ಮೇಲೆ ಎದ್ದಿತ್ತು. ಮಗ್ಗಿ ಬಂದಿತೋ ಇಲ್ಲವೋ, ಅಂಜಿಕೆ ಮಾತ್ರ ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಆಸ್ತಿಯಾಗಿ ಇಳಿದು ಬರುತ್ತದೆ.

ನಾವು ಬುಟ್ಟಿಯಲ್ಲಿದ್ದ ಬಾಳೆಹಣ್ಣುಗಳನ್ನು ಕೂಸಿನ ಮುಂದೆ ಇಟ್ಟು, "ನನಗ ಎರಡು ಕೊಡವಾ" ಎಂದೆವು. ಎರಡು ಕೊಟ್ಟಿತು. ಮೂರು ಕೇಳಿದೆವು. ಇದ್ದ ಹಣ್ಣನ್ನೆಲ್ಲ ನಮ್ಮ ಉಡಿಗೆ ಹಾಕಿತು. ಆಗ ತಂದೆಗೆ ಹೇಳಿದೆವು: "ನೋಡಪ್ಪ, ನಿನ್ನ ಮಗಳಿಗೆ ಎರಡು ಎಂದರೇನೆಂದು ಚೆನ್ನಾಗಿ ತಿಳಿದಿದೆ. ಇನ್ನು ತಿಳಿಯಬೇಕಾದದ್ದು ಮೂರು. ಹದಿನಾಲ್ಕು ಇನ್ನೂ ಬಹಳ ದೂರ ಇದೆ." ತಾಯಿ ಮೆಲ್ಲಗೆ, "ನನಗ ಅಕ್ಷರ ಬರೂದಿಲ್ರಿ, ನಾ ಏನ ಕಲಸಲಿ?" ಎಂದಳು. "ರೊಟ್ಟಿ ಬಡೀತೀಯಲ್ಲ ತಾಯಿ, ಯಾರಿಗೆ ಎಷ್ಟು ಅಂತ ಎಣಿಸತೀಯಿಲ್ಲೊ?" ಎಂದು ಕೇಳಿದೆವು. "ಎಣಿಸತೀನ್ರಿ." "ಮನಸಿನ್ಯಾಗ ಎಣಿಸೂದನ್ನ ಬಾಯಿಲೆ ಎಣಿಸು. ಕೂಸಿನ ಕೈಲೆ ಒಂದೊಂದು ಎತ್ತಿಸಿ ಎಣಿಸು. ನಿನ್ನಷ್ಟು ದೊಡ್ಡ ಗುರು ಅದಕ್ಕ ಮತ್ತ ಯಾರೂ ಇಲ್ಲ" ಎಂದು ಹೇಳಿ ಕಳಿಸಿದೆವು.

ದೀಪಾವಳಿ ಮುಗಿದ ಮೇಲೆ ಅವರು ಮತ್ತೆ ಬಂದರು. ಮಧ್ಯಾಹ್ನದ ಪ್ರಸಾದಕ್ಕೆ ಅಜ್ಜಿ, ತಂದೆ, ತಾಯಿ, ಸೋದರಮಾವ ಸಾಲಾಗಿ ಕುಳಿತಿದ್ದರು. ಬಡಿಸುವವರು ಕೂಸಿಗೆ, "ನಿಮ್ಮವರಿಗೆ ಬಾಳೆಹಣ್ಣು ನೀನ ತಂದುಕೊಡು" ಎಂದರು. ಕೂಸು ಒಬ್ಬೊಬ್ಬರ ಮುಂದೆಯೂ ನಿಂತು ಬೆರಳು ತೋರಿಸಿ ಎಣಿಸಿತು. ಕೊನೆಗೆ ತನ್ನ ಎದೆಯ ಮೇಲೆ ಬೆರಳಿಟ್ಟುಕೊಂಡು "ಐದು" ಎಂದಿತು. ಕೊಠಾರದ ಬಾಗಿಲಿಗೆ ಹೋಗಿ ಐದು ಹಣ್ಣು ಕೇಳಿ ತನ್ನ ಲಂಗದ ಉಡಿಯಲ್ಲಿ ಹಾಕಿಸಿಕೊಂಡು ಬಂದಿತು. ಎಲ್ಲರಿಗೂ ಹಂಚಿತು. ತನಗೊಂದು ಉಳಿಯಿತು. ಉಡಿ ಬರಿದಾಯಿತು. ಯಾರಿಗೂ ಕೊರತೆಯಾಗಲಿಲ್ಲ, ಒಂದೂ ಮಿಗಲಿಲ್ಲ. ಬರಿದಾದ ಉಡಿಯನ್ನು ಜಾಡಿಸಿ ತೋರಿಸಿ ಅದು ನಕ್ಕಿತು. ತಂದೆ ತುತ್ತು ಎತ್ತಿದವನು ಹಾಗೆಯೇ ನೋಡುತ್ತ ಕುಳಿತಿದ್ದ. ಸಾಲಿನಲ್ಲಿ ಕುಳಿತವರನ್ನು ಎಣಿಸಿ, ಆ ಐದನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಕೊಠಾರದವರೆಗೆ ನಡೆದು, ಅಲ್ಲಿ ಅದನ್ನು ಹಣ್ಣಾಗಿ ಕೇಳಿ ತಂದಿತಲ್ಲ, ಅದು ಅರಿವಿನ ಎಣಿಕೆ. ಅದನ್ನು ಯಾರೂ ಅದಕ್ಕೆ ಹೊಡೆದು ಕಲಿಸಲಿಲ್ಲ. ತಾಯಿ ರೊಟ್ಟಿಯಿಂದ ಕಲಿಸಿದಳು, ಹಸಿವು ಇದ್ದ ಮನೆ ಕಲಿಸಿತು.

ಅಷ್ಟರಲ್ಲಿ ಅಜ್ಜಿ, "ಐದು ಅನಬಾರದವಾ, ಮಂದಿಗೆ ಐವರು ಅನಬೇಕು" ಎಂದು ತಿದ್ದಿದಳು. ಈ ಮಾತು ನಮಗೆ ಬಹಳ ಹಿಡಿಸಿತು. ನಮ್ಮ ಕನ್ನಡದ ಸಂಪತ್ತನ್ನು ನೋಡಿರಿ. ಹಣ್ಣಿಗೆ ಒಂದು, ಎರಡು, ಮೂರು. ಮನುಷ್ಯರಿಗೆ ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು. ಸಣ್ಣ ಮಕ್ಕಳು ಮೊದಮೊದಲು "ಎರಡು ಅಜ್ಜಿ" ಎನ್ನುತ್ತವೆ. ನಾವು ನಕ್ಕು "ಇಬ್ಬರು ಅಜ್ಜಿಯರು" ಎಂದು ತಿದ್ದುತ್ತೇವೆ. ಹಾಗೆ ತಿದ್ದುವಾಗ ಕೇವಲ ವ್ಯಾಕರಣ ಕಲಿಸುತ್ತಿಲ್ಲ. ಮನುಷ್ಯನನ್ನು ವಸ್ತುವಿನಂತೆ ಎಣಿಸಬಾರದು ಎಂಬ ಸಂಸ್ಕಾರವನ್ನೂ ಹಾಲಿನೊಡನೆ ಕೊಡುತ್ತಿದ್ದೇವೆ.

ಕನ್ನಡದ ಸಂಖ್ಯೆಗಳಲ್ಲಿ ಮಕ್ಕಳು ಎಡವುವ ಜಾಗವೂ ಒಂದಿದೆ. ಅದನ್ನು ತಾಯಿ ತಂದೆಗಳು ತಿಳಿದಿರಬೇಕು. ಹನ್ನೊಂದರಿಂದ ಹತ್ತೊಂಬತ್ತರವರೆಗೆ "ಹತ್ತು" ಎಂಬ ಮಾತು ಹಲವು ವೇಷ ಹಾಕುತ್ತದೆ. ಹನ್ನೆರಡರಲ್ಲಿ ಒಂದು ವೇಷ, ಹದಿಮೂರರಲ್ಲಿ ಇನ್ನೊಂದು, ಹದಿನೈದರಲ್ಲಿ ಮತ್ತೊಂದು. ಹತ್ತೊಂಬತ್ತರಲ್ಲಿ ಮಾತ್ರ ತನ್ನ ನಿಜರೂಪದಲ್ಲಿ ಕಾಣುತ್ತದೆ. ಮಗು ಅಲ್ಲಿ ತೊಡರುವುದು ಸಹಜ. ಇಪ್ಪತ್ತು ದಾಟಿದರೆ ದಾರಿ ಸಲೀಸು: ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಒಂದೇ ಧಾಟಿಯಲ್ಲಿ ಹೋಗುತ್ತದೆ. ಇಪ್ಪತ್ತೊಂಬತ್ತಕ್ಕೆ ಬಂದು ನಿಂತ ಮಗು ಒಂದೊಂದು ಸಲ "ಇಪ್ಪತ್ತಹತ್ತು" ಎನ್ನುತ್ತದೆ. ಮನೆಯವರು ಗೊಳ್ಳೆಂದು ನಗುತ್ತಾರೆ. ನಗಬೇಡಿರಿ. ಆ ಮಾತನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಪ್ಪತ್ತಕ್ಕೆ ಒಂಬತ್ತು ಕೂಡಿದ ಮೇಲೆ ಹತ್ತು ಕೂಡಬೇಕೆಂದು ತಾನೇ ಯೋಚಿಸಿ ಕಟ್ಟಿದ ಮಾತು ಅದು. ಇಪ್ಪತ್ತು ಮತ್ತು ಹತ್ತು ಸೇರಿದರೆ ಮೂವತ್ತೇ ಅಲ್ಲವೇ? ಲೆಕ್ಕ ಸರಿಯಾಗಿದೆ; ಹೆಸರೊಂದು ಗೊತ್ತಿಲ್ಲ. "ಭಲೆ, ಅದಕ್ಕ ಮೂವತ್ತು ಅಂತಾರ" ಎಂದು ಬೆನ್ನು ತಟ್ಟಿ ಹೇಳಿದರೆ ಮುಗಿಯಿತು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ಬರೆದ ನಾಡು ನಮ್ಮದು. ಕೂಸಿಗೆ ಮೊದಲ ಎಣಿಕೆಯನ್ನು ತಾಯಿಯ ಮಾತಿನಲ್ಲಿ ಕಲಿಸಲು ನಾವು ನಾಚಿಕೊಳ್ಳಬೇಕಾಗಿಲ್ಲ. ಇಂಗ್ಲಿಷಿನ ಎಣಿಕೆಯೂ ಮುಂದೆ ಬರಲಿ, ಬೇಡವೆನ್ನುವುದಿಲ್ಲ. ಆದರೆ ಅರ್ಥ ಮೊದಲು ಮನೆಯ ಮಾತಿನಲ್ಲಿ ಬೇರೂರಲಿ.

ಇನ್ನೊಂದು ವಿಚಾರ. ಮಗುವಿಗೆ ಎಣಿಕೆ ಮೊದಲು ಬೇಕಾಗುವುದು ಯಾವುದಕ್ಕೆ? ಹಂಚಿಕೊಳ್ಳುವುದಕ್ಕೆ. ನಿನಗೊಂದು, ನನಗೊಂದು. ಒಂದು ಎಲೆಗೆ ಒಂದು ಹೋಳಿಗೆ. ವಿದ್ವಾಂಸರು ಮೊದಲನೆಯದೆಂದು ಹೇಳಿದ ಆ ತಿಳಿವಳಿಕೆ, ಒಂದಕ್ಕೆ ಒಂದೇ, ನಮ್ಮ ಪ್ರಸಾದದ ಸಾಲಿನಲ್ಲಿ ದಿನವೂ ನಡೆಯುತ್ತಿದೆ. ಅಲ್ಲಿ ದೊಡ್ಡವನ ಎಲೆಗೆ ಎರಡು, ಬಡವನ ಎಲೆಗೆ ಅರ್ಧ ಎಂಬುದಿಲ್ಲ. ಎಣಿಕೆಯನ್ನು ಹಂಚುವುದರಿಂದ ಕಲಿತ ಮಗುವಿಗೆ ಸಮಾನತೆ ಬೇರೆ ಪಾಠವಾಗುವುದಿಲ್ಲ. ಎಣಿಕೆಯನ್ನು ಕೇವಲ ಕೂಡಿಡುವುದರಿಂದ, ಬಾಜೂ ಮನೆಯ ಹುಡುಗನನ್ನು ಮೀರಿಸುವುದರಿಂದ ಕಲಿತ ಮಗು ಮುಂದೆ ಏನನ್ನು ಎಣಿಸುತ್ತ ಕೂತೀತೆಂಬುದನ್ನು ತಾವೇ ಊಹಿಸಿರಿ. ಬಸವಣ್ಣನವರು ಮೊದಲು ಬಿಜ್ಜಳನಲ್ಲಿ ಕರಣಿಕರಾಗಿದ್ದು ಆಮೇಲೆ ಭಂಡಾರಿಗಳಾದರೆಂದು ನಮ್ಮ ಪರಂಪರೆ ಹೇಳುತ್ತದೆ. ಲೆಕ್ಕದ ಕೆಲಸ ಹಗುರವಾದುದಲ್ಲ. ಅಂಕಿ ತಪ್ಪಿದರೆ ಇನ್ನೊಬ್ಬನ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ. ನಮ್ಮ ರೈತರು ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಅಳತೆಗೆ "ಒಂದು" ಎನ್ನದೆ "ಲಾಭ" ಎನ್ನುವ ರೂಢಿಯಿದೆ. ಅಳತೆ ಎಂಬುದು ಅವರಿಗೆ ಬರಿಯ ಲೆಕ್ಕವಲ್ಲ, ಅದೊಂದು ಹಾರೈಕೆ. ಕಣಕ್ಕೆ ಮಗುವನ್ನು ಕರೆದುಕೊಂಡು ಹೋಗಿರಿ. ಅದೂ ಅಳತೆಯ ಜೊತೆ ದನಿಗೂಡಿಸಲಿ.

ಮನೆಯಲ್ಲಿ ಮಾತಾಡುವುದರಿಂದ ಏನಾದೀತು ಎಂದು ಕೆಲವರಿಗೆ ಸಂಶಯ ಬರಬಹುದು. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಸೂಸನ್ ಲಿವೈನ್ ಮತ್ತು ಅವರ ಸಂಗಡಿಗರು ೪೪ ಮಕ್ಕಳ ಮನೆಗಳಿಗೆ ಹೋಗಿ, ಹದಿನಾಲ್ಕು ತಿಂಗಳಿನಿಂದ ಮೂವತ್ತು ತಿಂಗಳ ವಯಸ್ಸಿನವರೆಗೆ ಒಬ್ಬೊಬ್ಬರ ಮನೆಯಲ್ಲಿಯೂ ಒಟ್ಟು ಏಳೂವರೆ ತಾಸು ತಾಯಿ ತಂದೆಗಳ ಮಾತುಗಳನ್ನು ದಾಖಲಿಸಿದರು. ಆ ಏಳೂವರೆ ತಾಸಿನಲ್ಲಿ ಒಂದು ಮನೆಯಲ್ಲಿ ಸಂಖ್ಯೆಯ ಮಾತು ಬಂದದ್ದು ಬರೀ ೪ ಸಲ. ಇನ್ನೊಂದು ಮನೆಯಲ್ಲಿ ೨೫೭ ಸಲ. ಹೆಚ್ಚು ಕೇಳಿದ ಮಕ್ಕಳು ನಾಲ್ಕು ವರ್ಷದ ಹೊತ್ತಿಗೆ ಸಂಖ್ಯೆಗಳ ಅರ್ಥವನ್ನು ಹೆಚ್ಚು ಚೆನ್ನಾಗಿ ತಿಳಿದಿದ್ದರು. ಇದು ೨೦೧೦ರಲ್ಲಿ ಪ್ರಕಟವಾಯಿತು. ಮರುವರ್ಷ ಅವರೇ ಇನ್ನೊಂದು ಮಾತು ಸೇರಿಸಿದರು: ಕಣ್ಣೆದುರಿಗೆ ಇರುವ ವಸ್ತುಗಳನ್ನು ತೋರಿಸಿ ಎಣಿಸಿದ ಮಾತೇ ಫಲ ಕೊಡುತ್ತದೆ. ಗಾಳಿಯಲ್ಲಿ ನೂರು ಹೇಳಿಸುವುದಕ್ಕಿಂತ ಕಣ್ಮುಂದೆ ಆರು ಬದನೆಕಾಯಿ ಎಣಿಸುವುದು ಮೇಲು.

ಆಟವೂ ಪಾಠವೇ. ೨೦೦೮ರಲ್ಲಿ ಗೀತಾ ರಾಮಾನಿ ಮತ್ತು ರಾಬರ್ಟ್ ಸೀಗ್ಲರ್ ಎಂಬವರು ಬಡ ಕುಟುಂಬದ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಮನೆಗಳಿದ್ದ ಒಂದು ಹಲಗೆಯ ಆಟವನ್ನು ಆಡಿಸಿದರು. ನಾಲ್ಕು ಸಲ ಕೂತು ಒಟ್ಟು ಒಂದು ತಾಸಿನಷ್ಟು ಆಡಿದ್ದಕ್ಕೇ ಮಕ್ಕಳ ಸಂಖ್ಯಾಜ್ಞಾನ ಹೆಚ್ಚಿತು. ಒಂಬತ್ತು ವಾರಗಳ ಮೇಲೆ ನೋಡಿದಾಗಲೂ ಅದು ಉಳಿದಿತ್ತು. ನಮ್ಮ ಮನೆಗಳಲ್ಲಿ ಚೌಕಾಬಾರ ಇತ್ತು, ಕವಡೆ ಇತ್ತು, ಏಳೇಳು ಗುಳಿಗಳ ಎರಡು ಸಾಲಿನ ಗುಳಿಮಣೆ ಇತ್ತು. ಕವಡೆ ಬಿದ್ದಷ್ಟು ಮನೆ ಕಾಯಿ ನಡೆಸುವುದು, ಗುಳಿಗೊಂದರಂತೆ ಹುಣಸೆಬೀಜ ಬಿಡುತ್ತ ಹೋಗುವುದು, ಇವೆಲ್ಲ ಎಣಿಕೆಯ ಪಾಠಗಳೇ. ಅಟ್ಟದ ಮೇಲಿಟ್ಟ ಆ ಮಣೆಗಳನ್ನು ಕೆಳಗೆ ಇಳಿಸಿರಿ. ಬೀಜ ಕವಡೆಗಳನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸಿನ ಹತ್ತಿರ ದೊಡ್ಡವರು ಕುಳಿತಿರಲಿ. ಅಜ್ಜಿಗೂ ಮೊಮ್ಮಗುವಿಗೂ ಒಂದು ಜೊತೆಯಾಗುತ್ತದೆ.

ಸರಕಾರವೂ ಇದನ್ನು ಮನಗಂಡಿದೆ. ೧೯೭೫ರ ಅಕ್ಟೋಬರ್ ೨ರಂದು ೩೩ ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದಲೇ ನಮ್ಮ ಅಂಗನವಾಡಿಗಳು ಬಂದವು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ವಯಸ್ಸನ್ನು ಬುನಾದಿಯ ಹಂತವೆಂದು ಕರೆದು, ಆಟದ ಮೂಲಕ ಕಲಿಸಬೇಕೆಂದು ಹೇಳಿತು. ೨೦೦೯ರ ಶಿಕ್ಷಣ ಹಕ್ಕು ಕಾಯ್ದೆಯ ೧೭ನೆಯ ಕಲಮು ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಶಾಲೆಯನ್ನು ಕಾಯ್ದೆ ಕಾಯುತ್ತದೆ. ಮನೆಯ ಪಡಸಾಲೆಯನ್ನು ಕಾಯುವವರು ಯಾರು? ತಾಯಿ ತಂದೆಗಳೇ ಕಾಯಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಹೇಳಿ ಬೆತ್ತ ಹಿಡಿಯುವವರಿದ್ದಾರೆ. ಆ ಗಾದೆ ಬಗ್ಗಿಸಲು ಹೇಳಿತೇ ಹೊರತು ಮುರಿಯಲು ಹೇಳಲಿಲ್ಲ. ಅಂಜಿದ ಮಗು ಎಣಿಸುವುದಿಲ್ಲ, ಊಹಿಸುತ್ತದೆ. ನಿಮ್ಮ ಮುಖವನ್ನು ನೋಡಿ, ಯಾವ ಉತ್ತರ ಹೇಳಿದರೆ ಏಟು ತಪ್ಪೀತೆಂದು ಹುಡುಕುತ್ತದೆ. ಅದರ ಕಣ್ಣು ಹಣ್ಣಿನ ಮೇಲೆ ಇರುವುದಿಲ್ಲ, ನಿಮ್ಮ ಕೈಯ ಮೇಲೆ ಇರುತ್ತದೆ.

ಹಾಗೆಂದು ಎಲ್ಲವನ್ನೂ ಕಾಲಕ್ಕೆ ಬಿಟ್ಟು ಕೈಕಟ್ಟಿ ಕೂಡಬೇಕೆಂದು ನಾವು ಹೇಳುತ್ತಿಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡುವುದೂ ಬೇಕು, ಅದಕ್ಕೆ ಅದರ ವಯಸ್ಸು ಇದೆ. ಮರಳ ಮೇಲೆ ಬೆರಳಿಂದ ತಿದ್ದಿಸುತ್ತಿದ್ದ ಹಳೆಯ ಕೂಲಿಮಠಗಳಲ್ಲಿ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯನ್ನೂ ಹೇಳಿಸುತ್ತಿದ್ದರು. ಅದರಿಂದ ಎಷ್ಟೋ ಜನರ ಬಾಳು ನಡೆಯಿತು. ನಮ್ಮ ಮಾತು ಇಷ್ಟೇ: ಬಾಯಿಗೆ ಬಂದದ್ದನ್ನೇ ಅರಿವು ಎಂದು ತಿಳಿಯಬೇಡಿರಿ. ಅರಿವು ಬರುವವರೆಗೆ ಜೊತೆಯಲ್ಲಿ ಕುಳಿತಿರಿ. ಮಗು ಒಂದು ಹಣ್ಣನ್ನು ಎರಡು ಸಲ ಎಣಿಸಿದರೆ, "ತಪ್ಪು" ಎಂದು ಕೂಗದೆ, "ಇದನ್ನ ಈ ಕಡೆ ಇಡೂಣು" ಎಂದು ಎಣಿಸಿದ್ದನ್ನು ಪಕ್ಕಕ್ಕೆ ಸರಿಸಿಕೊಡಿರಿ. ಎಣಿಸಿ ಮುಗಿಸಿದಾಗ, "ಐದು. ಒಟ್ಟು ಐದು ಹಣ್ಣು" ಎಂದು ಒಮ್ಮೆ ನೀವು ಹೇಳಿರಿ. ನಾಳೆ ಮತ್ತೆ ಹೇಳಿರಿ. ಬಾಜೂ ಮನೆಯ ಮಗುವಿನ ಲೆಕ್ಕವನ್ನು ಬಾಜೂ ಮನೆಯವರಿಗೆ ಬಿಡಿರಿ. ನಾಲ್ಕು ವರ್ಷ ದಾಟಿ, 'ಒಂದು ಕೊಡು' ಎಂದರೂ ತಿಳಿಯದೆ ಹೋದರೆ, ಹೆದರದೆ ಅಂಗನವಾಡಿಯವರನ್ನೋ ಮಕ್ಕಳ ವೈದ್ಯರನ್ನೋ ಕೇಳಿರಿ. ಕಿವಿಯ, ಕಣ್ಣಿನ ತೊಂದರೆ ಇದ್ದರೂ ಇರಬಹುದು. ಕೇಳುವುದರಲ್ಲಿ ಅವಮಾನವಿಲ್ಲ.

ತಾಯಂದಿರೇ, ತಂದೆಗಳೇ, ಮಗು ಎಣಿಸಲು ಕಲಿಯುವ ಕಾಲ ಬಹಳ ಚಿಕ್ಕದು. ಒಮ್ಮೆ ಆ ಬಾಗಿಲು ತೆರೆಯಿತೆಂದರೆ ಅದು ಐದರಿಂದ ಐವತ್ತಕ್ಕೆ, ಐವತ್ತರಿಂದ ಐನೂರಕ್ಕೆ ಓಡಿಬಿಡುತ್ತದೆ, ತಿರುಗಿ ನೋಡುವುದಿಲ್ಲ. ಮೂರು ಹಣ್ಣು ಕೇಳಿದರೆ ಉಡಿ ತುಂಬ ಕೊಡುವ ಆ ಕೈಗಳು ಮತ್ತೆ ನಿಮಗೆ ಸಿಗುವುದಿಲ್ಲ. ಆದ್ದರಿಂದ ಇರುವಷ್ಟು ದಿನ ಅದರ ಪಕ್ಕದಲ್ಲಿ ಕುಳಿತು ಕಣ್ತುಂಬ ನೋಡಿರಿ, ದನಿಗೂಡಿಸಿರಿ, ಎಡವಿದಲ್ಲಿ ಕೈ ಹಿಡಿಯಿರಿ. ಬೆವರುವ ಅಂಗೈ ನಮ್ಮ ತಲೆಮಾರಿಗೇ ಕೊನೆಯಾಗಲಿ. ತಮ್ಮ ಮನೆಯ ಮಕ್ಕಳು ಎಣಿಸಿದ್ದನ್ನು ಹಂಚುವವರಾಗಲಿ, ಹಂಚಿದ್ದರಲ್ಲಿ ಕೊರತೆ ಕಾಣದವರಾಗಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.